ಥಳಿ ಬೀಳದ ಅಂಗಳ

ಗ್ಯಾರೇಜಿನವನು ತಪ್ಪು ತೀರ್ಪು ಕೊಟ್ಟ. ಅದರ ಫಲ ಉಣ್ಣಬೇಕಾಗಿ ಬಂದದ್ದು ನಮ್ಮ ಪಕ್ಕದ ಮನೆಯ ಸುಮತಿ ಕಾಕುವಿಗೆ. ಇದನ್ನು ಮೊದಲೇ ದಾಖಲಿಸಿಬಿಡುತ್ತೇನೆ. ಮುಂದೆ ನಗುವಿನ ಭರದಲ್ಲಿ ನ್ಯಾಯದ ಮಾತು ನನಗೇ ಮರೆತುಹೋದೀತು.

ಇಂದು ಬೆಳಿಗ್ಗೆ ಉಣಕಲ್ ಕೆರೆಯ ಬಳಿ ಕೆಟ್ಟುನಿಂತ ಕಾರೊಂದರಿಂದ ಕಾದ ಇಂಜಿನ್ ಎಣ್ಣೆಯ ವಾಸನೆ ಬಂತು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನಾನು ನಿಂತಲ್ಲೇ ನಕ್ಕೆ. ಕಾಕುವಿನ ಕಾರು ನೆನಪಾಗಿತ್ತು.

ಗಂಡ ತೀರಿಕೊಂಡ ಮೇಲೆ ಕಾಕು ಆತನ ಹಳೆಯ ಡೀಸೆಲ್ ಕಾರನ್ನು ತಾವೇ ನಡೆಸಲು ಕಲಿತಿದ್ದರು. ಕಾರಣ, ಧಾರವಾಡದ ಸಂಗೀತ ಕಛೇರಿಗಳು. ಅದಕ್ಕೆ ಮೊದಲು ಕೊನೆಯ ಬಸ್ಸು ತಪ್ಪೀತೆಂದು ಹೆದರಿ ನಮ್ಮ ಓಣಿಯ ಹೆಂಗಸರು ಅರ್ಧಕ್ಕೇ ಏಳುತ್ತಿದ್ದರು. ಕಛೇರಿ ಮುಗಿಸುವ ಭೈರವಿಯನ್ನು ಪೂರ್ತಿ ಕೇಳುವ ಹಕ್ಕು ವಾಹನವುಳ್ಳ ಗಂಡಸರದಾಗಿತ್ತು. ಈ ಅನ್ಯಾಯದ ಕುರಿತು ನಾನೊಂದು ಭಾಷಣ ಸಿದ್ಧಪಡಿಸಿದ್ದೆ, ಯಾರೂ ಕರೆಯಲಿಲ್ಲ. ಕಾಕು ಭಾಷಣವಿಲ್ಲದೆ ಗೆಳತಿಯರನ್ನು ಕಾರಿನಲ್ಲಿ ತುಂಬಿಕೊಂಡು ಹೋಗಿ, ಭೈರವಿ ಕೇಳಿಯೇ ಮರಳತೊಡಗಿದರು.

ಒಂದು ದಿನ ಕಾರಿನಲ್ಲಿ ಎಣ್ಣೆ ಕಡಿಮೆಯೆಂದು ಎಚ್ಚರಿಸುವ ಕೆಂಪು ದೀಪ ಹೊತ್ತಿಕೊಂಡಿತು. ಬೆಂಗೇರಿಯ ಮೇಸ್ತ್ರಿ ಬಸಣ್ಣ ಬಂದು ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಒಣಗಿದ್ದನ್ನು ಕಂಡು, ಎದುರಿಗಿದ್ದ ಒಡತಿಯನ್ನು ಬಿಟ್ಟು, "ಮನ್ಯಾಗ ಗಂಡಸ್ರು ಯಾರ ಅದಾರ್ರಿ?" ಎಂದ. ಕಾಕುವಿನ ತಮ್ಮ ಗಿರೀಶ ಫೋನಿನಲ್ಲಿ ಸಿಕ್ಕ. ಬಸಣ್ಣ ಅವನಿಗೆ ವರದಿ ಒಪ್ಪಿಸಿದ: "ಅಂಗಳ ನೋಡೇನ್ರಿ ಸಾಹೇಬ್ರ, ಒಂದು ಹನಿ ಸೋರಿಲ್ಲ. ಎಣ್ಣಿ ಒಳಗ ಸುಡಾಕತ್ತೈತಿ. ಇಂಜಿನ್ ಮುಗೀತು, ಮಾರಿಬಿಡ್ರಿ."

ಸಂಜೆಯೊಳಗೆ ಗಿರೀಶ ಗಿರಾಕಿಯನ್ನೂ ಗೊತ್ತುಮಾಡಿದ. ರವಿವಾರ ಬಂದು ಕಾರು ಒಯ್ಯುವುದೆಂದು ತೀರ್ಮಾನ. ನಾನು ಪ್ರತಿಭಟನೆಯ ಫಲಕ ಬರೆಯಲು ಕೂತೆ.

"ನಿನ್ನ ಫಲಕದಿಂದ ಎಣ್ಣಿ ತುಂಬ್ತದೇನವಾ?" ಎಂದರು ಕಾಕು. ಆಮೇಲೆ ತಮ್ಮ ಅಂಗಳವನ್ನೇ ದಿಟ್ಟಿಸಿದರು. "ಅಲ್ಲ, ಕಲೆ ಉಳಿಯೂದರ ಹೆಂಗ? ದಿನಾ ನಸುಕಿನ್ಯಾಗ ನಾನೇ ಥಳಿ ಹೊಡೀತೀನಲ್ಲ."

ಖರೆ. ಕಾರು ನಿಲ್ಲುತ್ತಿದ್ದುದು ಅಂಗಳದಲ್ಲಿ. ಕತ್ತಲಿರುವಾಗಲೇ ಕಾಕು ಸಗಣಿ ನೀರನ್ನು ಕಾರಿನಡಿಯನ್ನೂ ಬಿಡದೆ ಎರಚುತ್ತಿದ್ದರು. ಅಂಥ ಮಡಿವಂತ ಅಂಗಳದಲ್ಲಿ ಯಾವ ಸಾಕ್ಷ್ಯ ಉಳಿದೀತು? ಒಂದು ದಿನ ಥಳಿ ಬಿಡೋಣವೆಂದೆ. "ಸೂತಕದ ಮನೀಹಾಂಗ?" ಎಂದು ಗೊಣಗಿದರೂ ಒಪ್ಪಿದರು.

ಮರುದಿನ ಬೆಳಗಾಯಿತು. ಥಳಿಯಿಲ್ಲ, ರಂಗೋಲಿಯಿಲ್ಲ. ಎದುರು ಮನೆಯ ಗಂಗಕ್ಕ ಬಾಯಿಗೆ ಸೆರಗೊತ್ತಿಕೊಂಡು ಬಂದಳು. ಕಾರಿನಡಿಯಿಂದ ಹೊರಚಾಚಿದ್ದ ಕಾಕುವಿನ ಪಾದಗಳು ಕಂಡವು. ಗಂಗಕ್ಕ ರಾಗ ತೆಗೆದಳು: "ನಿನ್ನಿ ಸಂಜಿತನಕ ಗಟ್ಟಿ ಇದ್ದೆಲ್ಲಾ ನನ್ನವ್ವಾ..."

"ಸುಮ್ಮನಿರ ಗಂಗಾ," ಎಂದವು ಪಾದಗಳು, "ಎಣ್ಣಿ ನೋಡ್ಲಿಕತ್ತೀನಿ."

ಅಷ್ಟರಲ್ಲಿ ಸುದ್ದಿ ಓಣಿ ದಾಟಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಒಬ್ಬರು ಜುಣಕ ತಂದರು, ಇನ್ನೊಬ್ಬರು ರೊಟ್ಟಿ. ಸತ್ತವರು ಮೈ ಕೊಡವಿಕೊಂಡು ಎದ್ದು ತಟ್ಟೆ ಹಂಚಿದರು. ಕಾರಿನಡಿ ಮಿರುಗುತ್ತಿದ್ದ ಕರಿಯ ಕಲೆಯ ಸುತ್ತ ಕೂತು, ನಕ್ಕು ನೆತ್ತಿಗೇರಿಸಿಕೊಳ್ಳುತ್ತ, ನಾವೆಲ್ಲ ಆ ಸೂತಕದ ಊಟ ಮಾಡಿದೆವು.

ಕರೆಸಿದಾಗ ಬಂದ ಬಸಣ್ಣ ಕಲೆ ನೋಡಿದವನೇ ಮತ್ತೆ ಫೋನಿಗೆ ಕೈಹಾಕಿದ. ಗಂಗಕ್ಕ ತಡೆದಳು. "ಫೋನ್ ಇಡೋ ಬಾಡ್ಯಾ. ಗಾಡಿ ಆಕೀದು, ಮಾರಿ ಆಕಿ ಕಡೆ ಮಾಡಿ ಮಾತಾಡು."

ಬಸಣ್ಣ ಕಾರನ್ನು ಎತ್ತಿ, ಎಣ್ಣೆಯನ್ನು ತಂಪುಮಾಡುವ ಕೂಲರನ್ನು ಬಿಚ್ಚಿದ. ಅದರ ಬೆಸುಗೆ ಬಿರುಕು ಬಿಟ್ಟಿತ್ತು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಹೊಸ ಕೂಲರು, ಸೋರಿಕೆ ತಡೆಯುವ ಹೊಸ ರಬ್ಬರ್ ಬಳೆಗಳು, ಹೊಸ ಎಣ್ಣೆ ಬಿದ್ದ ಮೇಲೆ ಕಾಕು ಕೀಲಿ ತಿರುವಿ, ಕಣ್ಣು ಮುಚ್ಚಿ ಆಲಿಸಿದರು. "ಈಗ ಷಡ್ಜ ಹತ್ತೇದ ನೋಡು."

ರವಿವಾರ ಗಿರಾಕಿ ಬಂದಾಗ ಅಂಗಳದಲ್ಲಿ ಕಾರೂ ಇರಲಿಲ್ಲ, ಕಾಕುವೂ ಇರಲಿಲ್ಲ. ಗಿರೀಶನೊಬ್ಬನೇ ನಿಂತು ಕ್ಷಮೆ ಕೇಳಿದನಂತೆ.

ಇಂದು ಕೆರೆಯ ಬಳಿ ಕೆಟ್ಟುನಿಂತ ಕಾರಿನ ಒಡತಿ ಪಕ್ಕದಲ್ಲೇ ನಿಂತಿದ್ದಳು. ಮೇಸ್ತ್ರಿ ಅವಳ ಗಂಡನಿಗೆ ಫೋನಿನಲ್ಲಿ ವಿವರಿಸುತ್ತಿದ್ದ. ಹಿಂದಿನ ನಾನಾಗಿದ್ದರೆ ಭಾಷಣ ಬಿಗಿಯುತ್ತಿದ್ದೆ. ಇಂದು ಅವಳನ್ನು ಕರೆದೆ. ಇಬ್ಬರೂ ಮಂಡಿಯೂರಿ ಕಾರಿನಡಿ ಇಣುಕಿದೆವು.

ಅವಳಿ ನಗರದ ಗ್ಯಾರೇಜ್ ಮಾಲೀಕರೇ, ನನ್ನ ಬೇಡಿಕೆ ಇದು: ಇಂಜಿನ್ ಮುಗಿಯಿತೆಂದು ಸಾರುವ ಮೊದಲು ಕೂಲರನ್ನು ಬಿಚ್ಚಿ, ಕಾರಿನ ಒಡತಿಯ ಕೈಗಿಟ್ಟು, ದೋಷವನ್ನು ಅವಳಿಗೆ ತೋರಿಸಿ. ಫೋನು ಆಮೇಲೆ, ಅದೂ ಅವಳು ಮಾಡೆಂದರೆ ಮಾತ್ರ.