ಅಮರೇಶಪ್ಪ ಮೇಸ್ತ್ರಿಯ ಪರ್ಸೋಂ

ಅಮರೇಶಪ್ಪ ಮೇಸ್ತ್ರಿ ಎಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಮೊಳದುದ್ದದ ಪೇಚ್‌ಕಸ್ಸಿನ, ಅಂದರೆ ಸ್ಕ್ರೂಡ್ರೈವರಿನ, ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಆನಿಸಿ, ಅದರ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಇಷ್ಟು ಖಚಿತ. ಆ ಹಿಡಿಯ ಮೇಲೆ ಹಲ್ಲಿನ ಗುರುತುಗಳು ಮೂಡಿದ್ದವು ಎಂದೂ ಹೇಳುತ್ತ ಬಂದಿದ್ದೇನೆ. ಅದನ್ನು ಕಂಡಿದ್ದೆನೋ, ಹೇಳಿ ಹೇಳಿ ನಾನೇ ಸೇರಿಸಿಕೊಂಡೆನೋ ಈಗ ತಿಳಿಯದು. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದಕ್ಕೆ ಸಾಕ್ಷಿ ನಾನೊಬ್ಬನೇ.

ಹೈದರಾಬಾದಿನ ಉಪ್ಪಲ್‌ನಲ್ಲಿ ಮೆಟ್ರೋ ಕಂಬಗಳ ಸಾಲು ಮುಗಿದ ಮೇಲೆ ಬಲಕ್ಕೆ ತಿರುಗುವ ಓಣಿಯಲ್ಲಿ ಅವರ ತಗಡಿನ ಶೆಡ್ಡು ಇತ್ತು. ಅವರದು ಲಿಂಗಸುಗೂರಿನ ಕಡೆಯ ಊರು. ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದು, ಗಾಡಿ ಕೆಲಸಕ್ಕೆ ತಿರುಗಿಕೊಂಡವರು. ಬೆಳಿಗ್ಗೆ ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ ಇರುತ್ತಿತ್ತು. ಬೆವರು ಒರೆಸಿಕೊಂಡು ಒರೆಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಆ ಪಟ್ಟೆಗಳು ಗ್ರೀಸಿನವಾಗಿರುತ್ತಿದ್ದವು. ಓಣಿಯವರಿಗೆ ಅವರು ಅಮರ್ ಭಾಯ್. ನಾನು ಕನ್ನಡದಲ್ಲಿ ಮೇಸ್ತ್ರಿ ಅಂದಾಗ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಕೂರಲು ಎಣ್ಣೆಯ ಡಬ್ಬಿಯ ಮೇಲೆ ಬಟ್ಟೆ ಹಾಸಿದ್ದರು.

ನಾನು ಒಯ್ದದ್ದು ನನ್ನ ಸೋದರಮಾವನ ಮೋಟಾರ್‌ಸೈಕಲ್ಲು. ಎರಡು ಸೈಲೆನ್ಸರಿನ, ಕಿಕ್ ಹೊಡೆಯುವ ಕಡ್ಡಿಯಿಂದಲೇ ಗೇರು ಹಾಕುವ ಹಳೆಯ ಗಾಡಿ. ಮಾವ ಅದರ ಮೇಲೆ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಗೆ ಹೋಗಿಬಂದು ನಿವೃತ್ತರಾದರು. ಅವರು ತೀರಿಕೊಂಡ ಮೇಲೆ ಅತ್ತೆ ಅದನ್ನು ನನಗೆ ಕೊಟ್ಟರು. ಮೇಸ್ತ್ರಿ ಅದರ ಸುತ್ತ ಎರಡು ಸಲ ನಡೆದು, ಪೆಟ್ರೋಲ್ ಟಾಕಿಯ ಮೇಲೆ ಅಂಗೈ ಇಟ್ಟು, "ಇದು ಸತ್ತಿಲ್ರಿ ಮಾಸ್ತರ್ರ. ಸಿಟ್ಟಾಗಿ ಕುಂತೈತಿ," ಎಂದರು.

ಆ ಸಿಟ್ಟು ಇಳಿಸುವ ಕೆಲಸ ಮೂರು ವರ್ಷ ನಡೆಯಿತು.

ಮೂರು ವರ್ಷದಲ್ಲಿ ನಾನು ಅವರಿಂದ ಅತಿ ಹೆಚ್ಚು ಸಲ ಕೇಳಿದ ಮಾತು 'ಪರ್ಸೋಂ'. ಹೊರಗಿನವರು ಆ ಉರ್ದು ಮಾತಿಗೆ ಮೊನ್ನೆ ಅಥವಾ ನಾಡಿದ್ದು ಎಂದು ಅರ್ಥ ಹೇಳಿಯಾರು. ಹೈದರಾಬಾದಿನಲ್ಲಿ ಅದಕ್ಕೆ ಗಡುವಿಲ್ಲ. ಹೋದ ವಾರವೂ ಪರ್ಸೋಂ, ಹತ್ತು ವರ್ಷದ ಹಿಂದಿನ ಮದುವೆಯೂ ಪರ್ಸೋಂ, ಎಂದಾದರೊಮ್ಮೆ ಬರುವ ದಿನವೂ ಪರ್ಸೋಂ. ಮೇಸ್ತ್ರಿ ತಮ್ಮ ಕನ್ನಡದಲ್ಲೂ ಅದನ್ನು ಹಾಗೆಯೇ ಇಟ್ಟುಕೊಂಡಿದ್ದರು. ಒಮ್ಮೆ ರೇಗಿ, ನಿಮ್ಮ ಪರ್ಸೋಂಗೆ ತಾರೀಖು ಅನ್ನುವುದೇ ಇಲ್ಲವೇ ಎಂದು ಕೇಳಿದೆ. "ತಾರೀಖು ಕೋರ್ಟಿನಾಗ ಕೊಡ್ತಾರ್ರಿ," ಎಂದರು, ತಲೆ ಎತ್ತದೆ. "ಇಲ್ಲಿ ಬರೇ ಕೆಲಸ ಐತಿ."

ತಲೆ ಎತ್ತದೆ ಎಂದು ಬರೆದೆ. ಅದು ತಪ್ಪಿರಬೇಕು. ನನ್ನ ತುಟಿ ಕಾಣದೆ ಅವರು ಉತ್ತರ ಕೊಡುವಂತಿರಲಿಲ್ಲ.

ಅದು ನನಗೆ ಗೊತ್ತಾದದ್ದು ಎರಡನೆಯ ವರ್ಷ. ಹಿಮ್ಮುಖವಾಗಿ ಬರುತ್ತಿದ್ದ ನೀರಿನ ಟ್ಯಾಂಕರೊಂದು ಶೆಡ್ಡಿನ ಬಾಗಿಲಲ್ಲಿ ಕೂತಿದ್ದ ಅವರ ಬೆನ್ನಿಗೆ ಮಾರು ದೂರದಲ್ಲಿ ಹಾರ್ನ್ ಹೊಡೆಯುತ್ತಿತ್ತು. ಅವರು ತಮ್ಮ ಪಾಡಿಗೆ ನಟ್ಟು ತಿರುವುತ್ತಿದ್ದರು. ನಾನು ತೋಳು ಹಿಡಿದು ಎಳೆದೆ. ಟ್ಯಾಂಕರ್ ಹೋದ ಮೇಲೆ ಬಹಳ ಹೊತ್ತು ಕೈ ಒರೆಸಿಕೊಂಡರು. ಆಮೇಲೆ, "ಕಿವಿ ಹೋಗಿ ಭಾಳ ದಿನ ಆತ್ರಿ," ಎಂದರು. "ಹಲ್ಲಿನಾಗ ಹಿಡದ್ರ ಬೇರಿಂಗಿನ ಸಪ್ಪಳ ತಲ್ಯಾಗ ಬರತೈತಿ. ಮಂದಿ ಮಾತು ಬರಂಗಿಲ್ಲ. ಯಾರ ಮುಂದೂ ಹೇಳಬ್ಯಾಡ್ರಿ ಮಾಸ್ತರ್ರ. ಕಿವುಡ ಮೇಸ್ತ್ರಿ ಅಂದ್ರ ಗಾಡಿ ಯಾರು ಕೊಡ್ತಾರ? ಹೆಸರೊಂದು ಉಳದೈತಿ ನಂದು."

ನಾನು ಯಾರಿಗೂ ಹೇಳಲಿಲ್ಲ. ಆ ಗುಟ್ಟನ್ನು ಕಾಪಾಡಿದೆ. ಅವರ ಹೆಸರನ್ನು ಬೇರೆ ರೀತಿಯಲ್ಲಿ ಕೆಡಿಸಿದೆ.

ಮೂರನೆಯ ವರ್ಷದ ಕೊನೆಗೆ ನಾವು ಫ್ಲ್ಯಾಟಿಗೆ ಹೋಗುವುದೆಂದಾಯಿತು. ಅಲ್ಲಿ ಒಂದೇ ಗಾಡಿ ನಿಲ್ಲಿಸಲು ಜಾಗ. ಶೆಡ್ಡಿಗೆ ಹೋದೆ. ಚೌಕಟ್ಟು, ಚಕ್ರ ಸಿದ್ಧವಾಗಿದ್ದವು. ಟಾಕಿಗೆ ಮೊದಲ ಬಣ್ಣವಷ್ಟೇ ಬಿದ್ದಿತ್ತು. ವೈರಿಂಗ್ ಇರಲಿಲ್ಲ. ಎಂಜಿನ್ನು ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಚೀಲ ಎತ್ತಿ ನೋಡಿದೆ. ಹೊರಮೈ ಮೊದಲಿನ ಹಾಗೇ ಕಂದಿತ್ತು. ಎಂಜಿನ್ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದೆ. ಹೊರಗೆ ಕಾಂಕ್ರೀಟ್ ಲಾರಿ ಗುರುಗುಡುತ್ತಿತ್ತು. "ಪರ್ಸೋಂ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಅದರ ಹಿಂದೆಯೇ ಒಂದು ಮಾತು ಬಂತು. ನಾನು 'ಆಗತೈತಿ' ಎಂದು ಕೇಳಿಸಿಕೊಂಡೆ. ಆಗುತ್ತದೆ, ನಾಡಿದ್ದು. ಇನ್ನೂ ಮುಟ್ಟಿಲ್ಲ ಎಂದಾಯಿತಲ್ಲ ಎಂದುಕೊಂಡು ಅಲ್ಲೇ ಮಾರುವ ತೀರ್ಮಾನ ಮಾಡಿದೆ.

ಅರ್ಧ ಕೆಲಸವಾದ ಹಳೆಯ ಗಾಡಿಯನ್ನು ಮಾರುವವರು ಜಾಹೀರಾತಿನಲ್ಲಿ ಅದನ್ನು 'ಪ್ರಾಜೆಕ್ಟ್' ಎನ್ನುತ್ತಾರೆ. ನಾನೂ ಹಾಗೆಯೇ ಬರೆದು ಅವರಿಗೆ ಓದಿ ಹೇಳಿದೆ. ಅವರು ನನ್ನ ತುಟಿಯನ್ನು ನೋಡುತ್ತಾ ನಕ್ಕರು. "ನಮ್ಮ ಕಡೆ ಪ್ರಾಜೆಕ್ಟ್ ಅಂದ್ರ ಡ್ಯಾಮ್ ರೀ. ಅಜ್ಜನ ಕಾಲಕ್ಕ ಅಗ್ಯಾಕ ಹತ್ತಿದ್ರು, ಮೊಮ್ಮಗನ ಹೊಲಕ್ಕ ಇನ್ನಾ ನೀರು ಬಂದಿಲ್ಲ. ಇದನ್ನ ಹಂಗ ಕರೀಬ್ಯಾಡ್ರಿ." ಅದೇ ಜಾಹೀರಾತಿನಲ್ಲಿ 'ಎಂಜಿನ್ ಬಿಚ್ಚಿಲ್ಲ' ಎಂಬ ಸಾಲೂ ಇತ್ತು. ಅದನ್ನು ನಾನು ಓದಿ ಹೇಳಲಿಲ್ಲ. ಅವರಿಗೆ ನಾಚಿಕೆಯಾದೀತು ಎಂದುಕೊಂಡೆ. ಮನೆಗೆ ಬಂದ ಮೇಲೆ ಹಳೆಯ ಗಾಡಿಯವರ ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ಸಾಲು ಹಾಕಿದೆ: ಉಪ್ಪಲ್‌ನ ಅಮರ್ ಭಾಯ್ ಒಳ್ಳೆಯ ಮನುಷ್ಯ, ಆದರೆ ಮೂರು ವರ್ಷ ಇಟ್ಟುಕೊಂಡೂ ಎಂಜಿನ್ನಿಗೆ ಕೈ ಹಚ್ಚಲಿಲ್ಲ. ಆ ಗುಂಪಿನ ನಾಲ್ಕೈದು ಗಾಡಿಗಳು ಅವರ ಬಳಿಗೇ ಹೋಗುತ್ತಿದ್ದವು. ಆಮೇಲೆ ಹೋದವೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಕೊಳ್ಳಲು ಬಂದವರು ಸುನೀತಾ ಎಂಬ ತೆಲುಗು ಹೆಣ್ಣುಮಗಳು. ಅಲ್ಲೇ ಒಂದು ಐಟಿ ಕಂಪನಿಯಲ್ಲಿ ಕೆಲಸ, ರಜೆಯ ದಿನ ತಾವೇ ಹಳೆಯ ಗಾಡಿ ಬಿಚ್ಚಿ ಜೋಡಿಸುವ ಗೀಳು. ಆಕೆ ಎಂಜಿನ್ನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಇದನ್ನು ಬಿಚ್ಚಿದ್ದಾರಾ ಎಂದು ಹಿಂದಿಯಲ್ಲಿ ಕೇಳಿದರು. ಕೇಳಿದ್ದು ಮೇಸ್ತ್ರಿಯನ್ನು. ಉತ್ತರ ಕೊಟ್ಟದ್ದು ನಾನು. ಇಲ್ಲ, ಎಲ್ಲ ಮೊದಲಿನಿಂದ ಮಾಡಬೇಕು ಎಂದೆ. ಹಾಗೆ ಹೇಳುವಾಗ ನನ್ನ ಬೆನ್ನು ಮೇಸ್ತ್ರಿಯ ಕಡೆಗಿತ್ತು. ಅವರ ಕಿವಿಯ ವಿಷಯ ಆ ಶೆಡ್ಡಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನಾನು ಬೇಕೆಂದೇ ತಿರುಗಿದೆನೇ? ಎಷ್ಟು ಕೆದಕಿದರೂ ಇದಕ್ಕೆ ನೆನಪು ಉತ್ತರ ಕೊಡುವುದಿಲ್ಲ. ತಿರುಗಿ ನೋಡಿದಾಗ ಮೇಸ್ತ್ರಿ ನಗುತ್ತ, ಹೌದೆಂಬಂತೆ ತಲೆಯಾಡಿಸುತ್ತಿದ್ದರು. ಕೇಳಿಸದಿದ್ದಾಗಲೆಲ್ಲ ಅವರು ಮಾಡುತ್ತಿದ್ದುದು ಅದನ್ನೇ.

ಗಾಡಿ, ಎಂಜಿನ್ನು ಎರಡನ್ನೂ ಟ್ರಾಲಿ ಆಟೋಕ್ಕೆ ಏರಿಸಿದರು. ಎಂಜಿನ್ನು ಕುಲುಕದಂತೆ ಮೇಸ್ತ್ರಿ ತಾವೇ ಅದರ ಸುತ್ತ ಹಳೆಯ ಟ್ಯೂಬು ಬಿಗಿದರು, ಬಿಚ್ಚಿದರು, ಇನ್ನೊಮ್ಮೆ ಬಿಗಿದರು. ಆಮೇಲೆ ನನ್ನ ಎದುರಿಗೆ ಬಂದು ನಿಂತರು.

"ಎಂಜಿನ್ನಿಂದು ಅವ್ವಾರಿಗೆ ಹೇಳಿದ್ರಿಲ್ಲೋ ಮಾಸ್ತರ್ರ?"

"ಹೇಳೀನ್ರಿ."

"ಆತ್ ಬಿಡ್ರಿ. ಅಷ್ಟ ಸಾಕು."

ಆ ದಿನ ನಾನು ತಿಳಿದದ್ದು, ಕೊಳ್ಳುವವರಿಗೆ ಮೋಸವಾಗಬಾರದೆಂದು ಕೇಳಿದರು ಎಂದು. ಅವರ ಪ್ರಾಮಾಣಿಕತೆಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ ಕೂಡ. ನಾನು ಅವರನ್ನು ಕಂಡದ್ದು ಅದೇ ಕೊನೆ.

ಐದು ತಿಂಗಳ ನಂತರ ಸ್ಕೂಟರಿನ ಬ್ರೇಕು ಕೆಟ್ಟಿತೆಂದು ಹೋದಾಗ ಶೆಡ್ಡಿಗೆ ಬೀಗವಿತ್ತು. ಪಕ್ಕದ ಚಹಾದಂಗಡಿಯ ಮಹಬೂಬ್ ಲೋಟ ತೊಳೆಯುತ್ತಲೇ, "ಅಮರ್ ಭಾಯ್ ಪರ್ಸೋಂಚ್ ಗುಜರ್ ಗಯೇ ನಾ ಸಾಬ್," ಎಂದ. ಮೊನ್ನೆಯಷ್ಟೇ ಹೋಗಿಬಿಟ್ಟರಲ್ಲ. ಬೆಂಚಿನ ಮೇಲೆ ಕೂತೆ. ಮಣ್ಣು ಎಲ್ಲಿ ಮಾಡಿದರು, ಮನೆಯವರು ಇಲ್ಲೇ ಇದ್ದಾರಾ, ಈಗಲೇ ಹೋಗಿ ಬರುತ್ತೇನೆ ಎಂದೆ. ಮಹಬೂಬ್ ನನ್ನನ್ನು ವಿಚಿತ್ರವಾಗಿ ನೋಡಿದ. ಹೆಂಡತಿ ಶೆಡ್ಡು ಖಾಲಿ ಮಾಡಿ ಊರಿಗೆ ಹೋಗಿ ಆಗಲೇ ಮೂರು ತಿಂಗಳಾಯಿತಂತೆ. ಎದೆನೋವು ಬಂದದ್ದು ಗಾಡಿ ಮಾರಿದ ತಿಂಗಳೊಳಗೇ. ಅವನ ಪರ್ಸೋಂ ನಾಲ್ಕು ತಿಂಗಳ ಹಿಂದಿನದು.

ಅವನು ಕೊಟ್ಟ ಚಹಾ ಕುಡಿಯುತ್ತಿದ್ದಾಗ ಆ ದಿನದ ಕಾಂಕ್ರೀಟ್ ಲಾರಿಯ ಗುರುಗುಡು ನೆನಪಿನಲ್ಲಿ ಮತ್ತೆ ಕೇಳಿಸಿತು. ಮೇಸ್ತ್ರಿ 'ಆಗತೈತಿ' ಎಂದಿದ್ದರೋ, 'ಆಗೇತಿ' ಎಂದಿದ್ದರೋ? ಆಗುತ್ತದೆ ಎಂದೋ, ಆಗಿದೆ ಎಂದೋ? ನಡುವೆ ಇರುವುದು ಒಂದು ಅಕ್ಷರ. ಎರಡನೆಯದಾದರೆ, ಟ್ರಾಲಿಯ ಪಕ್ಕ ನಿಂತು ಅವರು ನನ್ನಿಂದ ಖಾತ್ರಿ ಮಾಡಿಕೊಳ್ಳಲು ಬಯಸಿದ್ದು ಬೇರೆಯೇ. ತಾವು ಮಾಡಿದ ಎಂಜಿನ್ ಕೆಲಸದ ವಿಷಯವನ್ನು ನಾನು ಕೊಳ್ಳುವವರಿಗೆ ಹೇಳಿದ್ದೇನೆ ಎಂದು ನಂಬಿ ಅವರು ಶೆಡ್ಡಿನೊಳಗೆ ಹೋದರು.

ಸುನೀತಾ ಅವರಿಗೆ ಫೋನ್ ಮಾಡಿದೆ. ಎಂಜಿನ್ ಬಿಚ್ಚಿ ಬಹಳ ದಿನವಾಯಿತು, ಗುಂಪಿನಲ್ಲಿ ನೀವು ಬರೆದದ್ದನ್ನು ಆಮೇಲೆ ಓದಿ ನನಗೆ ಏನೂ ಅರ್ಥವಾಗಲಿಲ್ಲ ಎಂದರು. ಫೋನಿನ ಮಾತು ಸಾಲದೆಂದು ಮರುದಿನ ಅವರ ಮನೆಗೆ ಹೋದೆ. ಬಿಚ್ಚಿದ ಎಂಜಿನ್ನನ್ನು ಅವರು, ಒಂದು ಭಾಗವನ್ನೂ ಬದಲಿಸದೆ, ಹಳೆಯ ಬೆಡ್‌ಶೀಟಿನ ಮೇಲೆ ಹರಡಿಟ್ಟಿದ್ದರು. ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿದೆ. ಬೇರಿಂಗುಗಳು ಹೊಸವು. ಸೀಲುಗಳು ಹೊಸವು. ಪಿಸ್ಟನ್ ಹೊಸದು, ಅದರ ತಲೆಯ ಮೇಲೆ ಮಸಿಯ ಒಂದು ಚುಕ್ಕೆಯೂ ಇರಲಿಲ್ಲ.