ಇಡ್ಲಿಯಾಚೆ ಕೂಡಿದ ಬೆಳಕು

ಕಮಲಾಕರನಿಗೆ ತನ್ನ ವಿದ್ಯೆಯ ಮೇಲಿದ್ದ ಭಕ್ತಿ ಮನೆದೇವರ ಮೇಲೂ ಇರಲಿಲ್ಲ. ಗಿಂಡಿ ಬಡಾವಣೆಯ ಪ್ರಯೋಗಾಲಯವೊಂದರಲ್ಲಿ ಅವನು ಬೆಳಕನ್ನು ಪಳಗಿಸುವವನು. ಮೈಯೊಳಗೆ ಹೊಕ್ಕ ಲೇಸರ್ ಕಿರಣ, ಹಾಲಿಗೆ ಬಿದ್ದಂತೆ, ಚೆದುರಿಹೋಗುತ್ತದೆ. ಹೇಗೆ ಚೆದುರುವುದೆಂದು ಹೊರಗಿನಿಂದಲೇ ಅಳೆದು, ಅದಕ್ಕೆ ತಕ್ಕಂತೆ ಮೊದಲೇ ತಿರುಚಿ ಕಳಿಸಿದರೆ ಒಳಗೆ ಒಂದು ಚುಕ್ಕೆಯಾಗಿ ಕೂಡುತ್ತದೆ. ಒಳಗಿರುವುದನ್ನು ನೋಡಲು ಕತ್ತಿ ಬೇಡ, ಸೂಜಿ ಬೇಡ. ಟಿ. ನಗರದ ಮನೆಯಲ್ಲಿ ಊಟಕ್ಕೆ ಕುಳಿತಾಗಲೆಲ್ಲ ಇದೇ ಪ್ರವಚನ. ಸಾರು ಆರುತ್ತಿತ್ತು.

ಅಕ್ಕ ಜಯಲಕ್ಷ್ಮಿಯ ತೋಳಿನಲ್ಲಿ ಗಂಟೊಂದು ಎದ್ದಾಗ ಅಡ್ಯಾರಿನ ವೈದ್ಯೆ, ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಬೇಕೆಂದರು. ಕಮಲಾಕರ ನಕ್ಕುಬಿಟ್ಟ.

"ಸೂಜಿಯಾ? ಚುಮ್ಮಾ ಇರು ಅಕ್ಕಾ. ಅದೆಲ್ಲ ತಾತನ ಕಾಲದ್ದು. ನಾನೇ ಒಳಗೆ ನೋಡಿ ಹೇಳ್ತೀನಿ."

ಸೂಜಿಗೆ ಹೆದರುತ್ತಿದ್ದ ಜಯಲಕ್ಷ್ಮಿ ನಂಬಿದಳು. ಸ್ನಾನದ ಹೊತ್ತಿಗೆ ಗಂಟನ್ನು ಮುಟ್ಟಿ ನೋಡುವಳು, ಬೆಳೆದಂತೆ ತೋರುವುದು. ಕೇಳಿದರೆ ತಮ್ಮನದು ಒಂದೇ ಮಾತು: "ಇನ್ನೊಂದ್ ವಾರ."

ಈ ಪ್ರಯೋಗಕ್ಕೆ ಮನುಷ್ಯನ ಮೈಯ ಬದಲು ಅವನ ಸಹೋದ್ಯೋಗಿಗಳು ಕೋಳಿಮಾಂಸ ತರುತ್ತಿದ್ದರು. ಕಮಲಾಕರನ ಮಡಿಗೆ ಅದು ಒಗ್ಗದು. ಅಕ್ಕ ಡಬ್ಬಿಗೆ ಹಾಕಿಕೊಟ್ಟ ಇಡ್ಲಿಯನ್ನೇ ತೆಳ್ಳಗೆ ಕೊಯ್ದು ಕಿರಣದೆದುರು ನಿಲ್ಲಿಸಿದ. ಅದರಾಚೆ ಬೆಳಕು ಚುಕ್ಕೆಯಾಗಿ ಕೂಡಿತು. ಮಹಾಶಯ ಬೀದಿಗೆಲ್ಲ ಮೈಸೂರುಪಾಕು ಹಂಚಿದ; ಮರುದಿನವೇ ಅಕ್ಕನನ್ನು ಗಿಂಡಿಗೆ ಕರೆದೊಯ್ದು ಅವಳ ತೋಳನ್ನು ಮೇಜಿಗೆ ಪಟ್ಟಿಯಿಂದ ಬಿಗಿದ.

ತೆರೆಯ ಮೇಲೆ ಬೆಳಕಿನ ಕಾಳುಗಳು ಹುಚ್ಚೆದ್ದು ಕುಣಿದವು. ಚುಕ್ಕೆ ಕೂಡಲಿಲ್ಲ.

"ಅಲ್ಲಾಡ್ಬೇಡ ಅಕ್ಕಾ."

"ನಾನೆಲ್ಲಿ ಅಲ್ಲಾಡ್ತಿದೀನಿ ಡಾ?"

"ನೀನಲ್ಲ, ಒಳಗೆ ರಕ್ತ ಓಡ್ತಿದೆ."

"ಅದನ್ನೂ ನಿಲ್ಲಿಸ್ಲಾ?"

ಇಡ್ಲಿ ಕದಲುವುದಿಲ್ಲ. ಹರಿಯುವ ರಕ್ತವಾದರೋ ಕಣ್ಣೆವೆ ಇಕ್ಕುವುದರೊಳಗೆ ಬೆಳಕಿನ ದಾರಿಯನ್ನೇ ಬದಲಿಸಿಬಿಡುತ್ತದೆ. ಅವನ ಯಂತ್ರ ಅಳೆದು ಮುಗಿಸುವಷ್ಟರಲ್ಲಿ ಅಳತೆ ಹಳಸಿರುತ್ತಿತ್ತು. ಈ ತೊಡಕಿನೊಡನೆ ಅನೇಕರು ವರ್ಷಗಳಿಂದ ಹೆಣಗುತ್ತಿರುವುದನ್ನು ಕಮಲಾಕರ ಓದಿದ್ದ. ಓದಿ, ಪಾಪ, ಅವರಿಗೆ ಬುದ್ಧಿ ಸಾಲದೆಂದುಕೊಂಡಿದ್ದ.

ಜಯಲಕ್ಷ್ಮಿ ತಾನೇ ಪಟ್ಟಿ ಬಿಚ್ಚಿಕೊಂಡಳು. "ಇಡ್ಲಿಗೇನಾದ್ರೂ ಗಂಟು ಬಂದ್ರೆ ನಿನ್ನ ಹತ್ರಾನೇ ಕರ್ಕೊಂಡ್ ಬರ್ತೀನಪ್ಪಾ" ಎಂದು ನೇರವಾಗಿ ಅಡ್ಯಾರಿಗೆ ಹೊರಟಳು. ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿದಳು, ಅಷ್ಟೆ.

ವರದಿ ಬಂದ ದಿನ ಕಮಲಾಕರನೂ ಜೊತೆಗಿದ್ದ. ಬರೀ ಕೊಬ್ಬಿನ ಗಂಟು, ಭಯವಿಲ್ಲ ಎಂದರು ವೈದ್ಯೆ. ಜಯಲಕ್ಷ್ಮಿಗೆ ಇಷ್ಟು ದಿನ ಬಿಗಿಹಿಡಿದಿದ್ದ ಅಳು ಬಂದುಬಿಟ್ಟಿತು. ಆಟೋ ಹತ್ತಿದ ಮೇಲೆ ಕಮಲಾಕರ ಕಾಲ ಮೇಲೆ ಕಾಲು ಹಾಕಿ ಕುಳಿತ.

"ನೋಡಿದ್ಯಾ? ಅರ್ಜೆಂಟೇ ಇಲ್ಲ ಅಂತ ನಾನ್ ಆಗ್ಲೇ ಹೇಳಿದ್ದೆ."

ಜಯಲಕ್ಷ್ಮಿ ಕಣ್ಣೊರಸಿಕೊಂಡು ಮುಂದೆ ಬಾಗಿ ಆಟೋದವನ ಭುಜ ತಟ್ಟಿದಳು.

"ಅಣ್ಣಾ, ವಂಡಿ ನಿಲ್ಲಿಸಿ. ಇವರು ಇಲ್ಲೇ ಇಳೀತಾರೆ."