ಬಸ್ಸಿಲ್ಲದ ಊರಿಗೆ ಬಂದ ಬಸ್ ತಂಗುದಾಣ

ನಮ್ಮೂರಿಗೆ ಬಸ್ಸು ಬರುತ್ತಿರಲಿಲ್ಲ. ದಿಬ್ಬೂರಹಳ್ಳಿ ರಸ್ತೆಯವರೆಗೆ ನಡೆದುಹೋಗಿ ಅಲ್ಲಿ ಶಿಡ್ಲಘಟ್ಟದ ಬಸ್ಸಿಗೆ ಕೈ ಅಡ್ಡ ಹಾಕಬೇಕಿತ್ತು. ಊರಿಗೊಂದು ಬಸ್ಸು ಬಿಡಿ ಎಂದು ಗ್ರಾಮ ಪಂಚಾಯಿತಿಯವರು ವರ್ಷ ವರ್ಷವೂ ಅರ್ಜಿ ಬರೆಯುತ್ತಿದ್ದರು. ಕೊನೆಗೂ ಸರ್ಕಾರ ಕಣ್ಣು ಬಿಟ್ಟಿತು. ಬಸ್ ತಂಗುದಾಣ ಕಟ್ಟಲು ಅನುದಾನ ಕೊಟ್ಟಿತು. ಬಸ್ಸು ಕೊಡಲಿಲ್ಲ. ಬಸ್ಸು ಒಂದು ಇಲಾಖೆಯದು, ಅದಕ್ಕೆ ಕಾಯುವವರ ನೆರಳು ಇನ್ನೊಂದು ಇಲಾಖೆಯದು. ನಮ್ಮ ಅರ್ಜಿ ನೆರಳಿನವರ ಮೇಜಿಗೆ ಹೋಗಿತ್ತೆಂದು ಕಾಣುತ್ತದೆ.

ಯಾವ ವರ್ಷ ಎಂದರೆ ಹೇಳಲಾರೆ. ಕೋಲಾರದಿಂದ ನಮ್ಮನ್ನು ಬಿಡಿಸಿ ಚಿಕ್ಕಬಳ್ಳಾಪುರ ಜಿಲ್ಲೆ ಮಾಡಿದರಲ್ಲ, ಅದರ ಹಿಂದಿನ ಮಾರ್ಚೋ ಮುಂದಿನ ಮಾರ್ಚೋ. ಮಾರ್ಚ್ ಎನ್ನುವುದು ಮಾತ್ರ ಖಾತ್ರಿ. ಆ ಕಾಲದಲ್ಲಿ ದುಡ್ಡು ಪಂಚಾಯಿತಿಗೆ ತಲುಪುತ್ತಿದ್ದದ್ದೇ ಮಾರ್ಚಿನಲ್ಲಿ, ಆ ತಿಂಗಳ ಕೊನೆಯೊಳಗೆ ಖರ್ಚಾಗದಿದ್ದರೆ ಬಂದ ದಾರಿಯಲ್ಲೇ ವಾಪಸು.

ನಾನು ಆಗ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ, ಅಧಿಕಾರ ವಿಕೇಂದ್ರೀಕರಣದ ಮೇಲೆ ದಪ್ಪನೆಯ ಪ್ರಬಂಧ ಬರೆದು, ಮುಂದೇನು ಎಂದು ತಿಳಿಯದೆ ಊರಿನಲ್ಲಿ ಅತ್ತಿಂದಿತ್ತ ಅಲೆಯುತ್ತಿದ್ದೆ. ನಮ್ಮ ದೊಡ್ಡಮ್ಮ ಪಂಚಾಯಿತಿ ಅಧ್ಯಕ್ಷೆ. ಮಹಿಳಾ ಮೀಸಲಾತಿ ಬಂದಾಗ ದೊಡ್ಡಪ್ಪನ ಬದಲು ಅವಳನ್ನು ನಿಲ್ಲಿಸಿದ್ದರು. ಗೆದ್ದ ಮರುದಿನದಿಂದ ದೊಡ್ಡಪ್ಪನನ್ನು ಕಚೇರಿಯ ಹೊಸಿಲು ತುಳಿಯಲು ಅವಳು ಬಿಡಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಅಂಗನವಾಡಿಗೆ ಒಂದು ಕೋಣೆ. ಊರಿನ ಅಂಗನವಾಡಿ ನಡೆಯುತ್ತಿದ್ದದ್ದು ಅವಳದೇ ಹುಳದ ಮನೆಯ ಜಗಲಿಯಲ್ಲಿ. ರೇಷ್ಮೆ ಹುಳು ಸಣ್ಣದಿದ್ದಾಗ ತೊಂದರೆಯಿಲ್ಲ. ನಾಲ್ಕನೇ ಜ್ವರ ಕಳೆದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದವೆಂದರೆ ಅವಕ್ಕೆ ಹೊಟ್ಟೆಬಾಕತನ. ತಟ್ಟೆಗಳು ಜಗಲಿಗೂ ಬರುತ್ತವೆ. ಆಗ ಮಕ್ಕಳು ಚಾಪೆ ಸುತ್ತಿಕೊಂಡು ಬಿಸಿಲಿಗೆ. ಪ್ರತಿ ಬೆಳೆಗೂ ಇದೇ ಪಾಡು.

"ಮಕ್ಳು ಜ್ವರ ಬಂದು ಮಲಗ್ತಾವೆ ಕಣೋ ಆ ಬಿಸಿಲಲ್ಲಿ. ಈ ಸಲ ಏನಾದ್ರೂ ಆಗ್ಲಿ, ಒಂದು ರೂಮು ಆಗ್ಲೇಬೇಕು" ಎನ್ನುತ್ತಿದ್ದಳು.

ನನಗೆ ಅನುಮಾನ. ಇವಳ ಕಾಳಜಿ ಮಕ್ಕಳ ಮೇಲೋ ಹುಳುಗಳ ಮೇಲೋ? ಮಕ್ಕಳು ಹುಳುಗಳನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಕೇಳಿದರೆ, "ಎಂ.ಎ. ಓದಿ ಇದನ್ನೇ ಕಲ್ತಿದ್ದಾ?" ಎಂದು ಬಾಯಿ ಮುಚ್ಚಿಸಿದಳು.

ತಂಗುದಾಣದ ಆದೇಶ ಬಂದ ದಿನ ಅವಳು ಪಂಚಾಯಿತಿ ಕಾರ್ಯದರ್ಶಿಯನ್ನು ಕೂರಿಸಿಕೊಂಡು ಕೇಳಿದಳು: "ಇದೇ ದುಡ್ಡಲ್ಲಿ ಅಂಗನವಾಡಿ ಕಟ್ಟಿದ್ರೆ ಏನಾಗ್ತದೆ?"

"ನಾನು ಸಸ್ಪೆಂಡ್ ಆಗ್ತೀನಮ್ಮ. ಹೆಡ್ಡೇ ಬೇರೆ. ಬಸ್ ಸ್ಟಾಂಡ್ ಹೆಡ್ಡಲ್ಲಿ ಬಂದದ್ದು ಬಸ್ ಸ್ಟಾಂಡಿಗೇ ಹೋಗ್ಬೇಕು."

ನಾನು ಮಧ್ಯೆ ಬಾಯಿ ಹಾಕಿದೆ. ಲೆಕ್ಕಶೀರ್ಷಿಕೆ ಬದಲಿಸಲು ವಿಧಾನಸಭೆಯ ಒಪ್ಪಿಗೆ ಯಾವಾಗ ಬೇಕು, ಹಣಕಾಸು ಇಲಾಖೆಯ ಒಪ್ಪಿಗೆ ಯಾವಾಗ ಸಾಕು ಎಂದು ವಿವರಿಸಿದೆ. ಸರ್ಕಾರಕ್ಕೊಂದು ಕಾಗದ ಬರೆಯೋಣ ಎಂದೆ.

"ಬರಿಯಪ್ಪಾ, ಬರಿ. ಅದಕ್ಕೆ ಉತ್ತರ ಬರೋಹೊತ್ಗೆ ಈ ಮಕ್ಳು ಎಸ್ಸೆಸ್ಸೆಲ್ಸಿ ಪಾಸಾಗಿರ್ತಾವೆ" ಎಂದರು ಕಾರ್ಯದರ್ಶಿ.

ದೊಡ್ಡಮ್ಮ ನಮ್ಮಿಬ್ಬರ ಕಡೆಯೂ ನೋಡಲಿಲ್ಲ. "ಬಸ್ ಸ್ಟಾಂಡಿಗೆ ಎಷ್ಟು ಗೋಡೆ?" ಎಂದಳು.

"ಮೂರಮ್ಮ. ಮುಂದ್ಗಡೆ ಓಪನ್ನು."

"ರೂಮಿಗೆ?"

"ನಾಲ್ಕು."

"ಸರ್ಲೇ. ಒಂದು ಗೋಡೆಗೋಸ್ಕರ ಸರ್ಕಾರದತ್ರ ಯಾಕಪ್ಪಾ ಜಗಳ? ಮೂರು ಅವರು ಕಟ್ಲಿ, ಇನ್ನೊಂದು ನಾನು ನೋಡ್ಕೊಂತೀನಿ."

ಅವಳ ಹುಳದ ಮನೆಯ ಹಿಂದೆಯೇ ತಂಗುದಾಣ ಎದ್ದಿತು. ಅಲ್ಲಿ ಬಸ್ಸಿರಲಿ, ಎತ್ತಿನ ಗಾಡಿ ತಿರುಗಿಸುವುದಕ್ಕೂ ಜಾಗವಿರಲಿಲ್ಲ. ಮುಂದುಗಡೆ ತೆರೆದೇ ಇರುವುದರಿಂದ 'ಪ್ರಯಾಣಿಕರ ತಂಗುದಾಣ' ಎಂದು ಹಿಂದಿನ ಗೋಡೆಯ ಹೊರಮೈ ಮೇಲೆ ಬರೆಸಿದರು. ಮುಂದುಗಡೆಗೆ ದೊಡ್ಡಮ್ಮ ಚಂದ್ರಿಕೆಗಳನ್ನು ತಂದು ಒತ್ತೊತ್ತಾಗಿ ನಿಲ್ಲಿಸಿದಳು. ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ, ಆಳೆತ್ತರದ ಬಿದಿರಿನ ತಟ್ಟಿಗಳು ಅವು. ಒಂದು ಕಡೆ ನುಸುಳಲು ಸಂದು ಬಿಟ್ಟಳು. ಕೋಣೆ ಆಯಿತು. ಮಕ್ಕಳು ಅವತ್ತೇ ಒಳಗೆ ನುಗ್ಗಿದರು.

ಇನ್ನು ಉಳಿದದ್ದು ಇಂಜಿನಿಯರ್ ಬಂದು ಅಳತೆ ಮಾಡಿ ಸಹಿ ಹಾಕುವುದು. ಅವರು ಒಪ್ಪದಿದ್ದರೆ ಬಿಲ್ಲಿಲ್ಲ. ಬಿಲ್ಲಾಗದೆ ತಿಂಗಳು ಮುಗಿದರೆ ದುಡ್ಡು ವಾಪಸು. ಹಾಗಾದರೆ ಬಂದು ಇಟ್ಟಿಗೆ ಕಿತ್ತುಕೊಂಡು ಹೋಗುತ್ತೇನೆಂದು ಕಟ್ಟಿದವನು ಮೊದಲೇ ಹೇಳಿದ್ದ. ಇಂಜಿನಿಯರ್ ಬರುವ ಮುಂಚೆ ಹೇಳಿಕಳಿಸುತ್ತಾರೆ, ಆಗ ಚಂದ್ರಿಕೆ ತೆಗೆದು ಮಕ್ಕಳನ್ನು ಮನೆಗೆ ಓಡಿಸಿದರಾಯಿತು ಎಂದು ಕಾರ್ಯದರ್ಶಿ ಧೈರ್ಯ ಹೇಳಿದ್ದರು.

ಹೇಳಿಕಳಿಸಲಿಲ್ಲ. ಮಾರ್ಚಿನ ಕೊನೆಯಲ್ಲಿ ಪಾಪ ಯಾವ ಇಂಜಿನಿಯರಿಗೂ ಅಷ್ಟು ಪುರುಸೊತ್ತಿಲ್ಲ. ಒಂದು ಬೆಳಿಗ್ಗೆ ಜೀಪೇ ಬಂದು ನಿಂತಿತು. ಜೀಪಲ್ಲ, ಹಳೇ ಸ್ಕೂಟರ್ ಎನ್ನುತ್ತಾಳೆ ನನ್ನ ತಂಗಿ. ಇರಬಹುದು. ನನಗೆ ಜೀಪಿನ ಸದ್ದು ಈಗಲೂ ಕೇಳಿಸುತ್ತದೆ, ಆದರೆ ನನಗೆ ಕೇಳಿಸುವುದೆಲ್ಲ ಆಗಿಯೇ ಇತ್ತು ಎಂದು ಪ್ರಮಾಣ ಮಾಡಲಾರೆ.

ಒಳಗೆ ಉಪ್ಪಿಟ್ಟು ಬೇಯುತ್ತಿತ್ತು. ಇಂಜಿನಿಯರ್ ಸಂದಿನಿಂದ ತಲೆ ತೂರಿಸಿದರು.

"ಏನ್ರೀ ಇದು, ಅಂಗನವಾಡಿ ಅಲ್ವೇನ್ರೀ?"

"ಅಲ್ಲ ಸಾರ್, ಪ್ಯಾಸೆಂಜರ್ಸು" ಎಂದುಬಿಟ್ಟರು ಕಾರ್ಯದರ್ಶಿ, ಬೆವರುತ್ತ.

ಇಂಜಿನಿಯರ್ ಪ್ಯಾಸೆಂಜರುಗಳನ್ನೇ ಕೇಳಿದರು: "ಎಲ್ಲಿಗಪ್ಪಾ ಹೊರಟಿದೀರಾ ಎಲ್ರೂ?"

"ಅಜ್ಜಿ ಮನೆಗೆ!" ಎಂದಿತು ಒಂದು. "ಕೈವಾರಕ್ಕೆ!" ಎಂದಿತು ಇನ್ನೊಂದು. ಮೂಗು ಸುರಿಸುತ್ತಿದ್ದ ಮೂರನೆಯದು ಎದ್ದು ನಿಂತು, "ನಾನು ಒಂದಕ್ಕೆ ಹೋಗ್ಬೇಕು" ಎಂದಿತು.

"ಬಸ್ಸೆಲ್ಲಮ್ಮಾ?" ಎಂದು ಅವರು ದೊಡ್ಡಮ್ಮನ ಕಡೆ ತಿರುಗಿದರು.

"ಅದನ್ನೇ ನಾವೂ ವರ್ಷ ವರ್ಷ ಕೇಳ್ತಿದೀವಿ ಸಾರ್, ನಿಮ್ಮನ್ನ."

ಅವರಿಗೆ ಸಿಟ್ಟು ಬಂತು. "ಮೊದ್ಲು ಈ ತಟ್ಟಿ ತೆಗೆಸಿ. ಮುಂದ್ಗಡೆ ಓಪನ್ ಇರೋ ಫೋಟೋ ಇಲ್ದೆ ನಾನು ಸೈನ್ ಹಾಕಲ್ಲ" ಎನ್ನುತ್ತ ತಾವೇ ಒಂದು ಚಂದ್ರಿಕೆಯನ್ನು ಎಳೆಯಲು ಹೋದವರು ಹಾಗೇ ನಿಂತರು. ಚಂದ್ರಿಕೆ ತುಂಬ ಹುಳು. ಹಿಂದಿನ ದಿನವಷ್ಟೇ ಹಣ್ಣಾಗಿದ್ದವು. ದೊಡ್ಡಮ್ಮ ಅವನ್ನು ತಂದು ಗೋಡೆಗೇ ಬಿಟ್ಟಿದ್ದಳು. ಒಂದೊಂದೂ ತಲೆ ಆಡಿಸುತ್ತ ನೂಲು ಬಿಡುತ್ತಿತ್ತು.

ಇಂಜಿನಿಯರ್ ಕೈ ಹಿಂದಕ್ಕೆ ತೆಗೆದುಕೊಂಡರು. ಚಪ್ಪಲಿಯನ್ನೂ ಬಿಟ್ಟರು.

"ಯಾವಾಗ ಬಿಟ್ರಿ?" ಎಂದು ಕೇಳಿದಾಗ ದನಿ ಪಿಸುಮಾತಿಗೆ ಇಳಿದಿತ್ತು.

"ನಿನ್ನೆ ಸಾಯಂಕಾಲ."

"ಮತ್ತೆ ಅಲ್ಲಾಡಿಸೋ ಹಂಗಿಲ್ಲ. ಗೂಡು ಕೆಟ್ಟೋಗ್ತದೆ."

"ನಿಮ್ಮ ಮನೇಲೂ ಹುಳ ಮೇಯಿಸ್ತೀರೇನು ನಾಯನಾ?"

"ಚಿಂತಾಮಣಿ ಕಡೆ ನಮ್ಮದು. ನಮ್ಮಮ್ಮ ಇಷ್ಟೊತ್ತಿಗೆ ಇಲ್ಲಿದ್ದಿದ್ರೆ, ಚಂದ್ರಿಕೆ ಹತ್ರ ಕೂಗಾಡಿದ್ದಕ್ಕೆ ಕಪಾಳಕ್ಕೆ ಬಿಡೋರು."

ರಾಜ್ಯದ ಬಜೆಟ್ಟು, ಲೆಕ್ಕಶೀರ್ಷಿಕೆ, ಮಾರ್ಚ್ ಕೊನೆ, ಇವೆಲ್ಲದರ ಎದುರು ಹುಳುಗಳು ಗೆಲ್ಲುತ್ತವೆಂದು ನನ್ನ ಪ್ರಬಂಧದಲ್ಲಿ ಎಲ್ಲೂ ಬರೆದಿರಲಿಲ್ಲ. ಗೂಡು ಬಿಡಿಸುವವರೆಗೆ ಕಾದರೆ ತಿಂಗಳು ಮುಗಿಯುತ್ತದೆ. ಇಂಜಿನಿಯರ್ ತಲೆ ಕೆರೆದುಕೊಂಡು ಕಟ್ಟಡಕ್ಕೆ ಬರಿಗಾಲಲ್ಲಿ ಒಂದು ಸುತ್ತು ಹಾಕಿದರು. ಹಿಂದಿನ ಗೋಡೆಯ ಮುಂದೆ ದೊಡ್ಡಮ್ಮನ ಕೈಗೆ ಒಂದು ಚೀಲ ಕೊಟ್ಟು, ನನ್ನ ಕೈಗೆ ಒಂದು ಕೊಡೆ ಕೊಟ್ಟು ನಿಲ್ಲಿಸಿ ಫೋಟೋ ತೆಗೆದರು. 'ಪ್ರಯಾಣಿಕರ ತಂಗುದಾಣ', ಕೆಳಗೆ ಇಬ್ಬರು ಪ್ರಯಾಣಿಕರು. ಟೇಪು ಹಿಡಿದು ಮೂರು ಗೋಡೆ ಅಳೆದರು. ನಾಲ್ಕನೆಯದನ್ನು ನೋಡಲಿಲ್ಲ. ಸಹಿ ಹಾಕಿ, ಉಪ್ಪಿಟ್ಟು ತಿಂದು, ಇನ್ನೊಂದು ಊರಿನ ತಂಗುದಾಣಕ್ಕೆ ಓಡಿದರು. ಅವರ ಕಾಲರಿನ ಮೇಲೊಂದು ಹುಳು ಹತ್ತಿ ಹೋಗಿತ್ತೆಂದು ನನ್ನ ನೆನಪು. ಕಾಲರು ಅವರದಲ್ಲ, ನನ್ನದು ಎನ್ನುತ್ತಾಳೆ ತಂಗಿ.

ಬಿಲ್ಲು ಪಾಸಾಯಿತು. ಕೆಲವು ದಿನದ ಮೇಲೆ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೂ ಒಯ್ದರು. ಇನ್ನು ಈ ಚಂದ್ರಿಕೆಗಳು ಹುಳದ ಮನೆಗೆ ವಾಪಸಾಗುತ್ತವೆ, ಮಕ್ಕಳ ಮುಖಕ್ಕೆ ಬಿಸಿಲು ಹೊಡೆಯುತ್ತದೆ, ನನ್ನ ಅನುಮಾನ ನಿಜವಾಗುತ್ತದೆ ಎಂದು ನಾನು ಕಾದಿದ್ದೆ. ಮುಂದಿನ ಬೆಳೆ ಹಣ್ಣಾಯಿತು. ದೊಡ್ಡಮ್ಮ ಪಕ್ಕದ ಊರಿನಿಂದ ಚಂದ್ರಿಕೆಗಳನ್ನು ಬಾಡಿಗೆಗೆ ತಂದು ಇಳಿಸಿಕೊಳ್ಳುತ್ತಿದ್ದಳು.

"ಬಾಡಿಗೆ ಯಾಕಮ್ಮಾ ದಂಡ? ಅಲ್ಲಿ ನಿಮ್ಮವೇ ಖಾಲಿ ನಿಂತಿದಾವಲ್ಲ" ಎಂದರು ಅಲ್ಲೇ ಇದ್ದ ಕಾರ್ಯದರ್ಶಿ.

ದೊಡ್ಡಮ್ಮ ಅವರನ್ನು ಕನಿಕರದಿಂದ ನೋಡಿದಳು.

"ಒಳಗೆ ಮಕ್ಳು ಮಲಗಿರೋವಾಗ ಗೋಡೆನ ಯಾರಾದ್ರೂ ಎತ್ಕೊಂಡ್ಹೋಗ್ತಾರೇನಪ್ಪಾ?"